ಹೊಲವು ಹೊಲವಾಗಿಯೇ ಉಳಿಯಲಿ

ಸೂರ್ಯನ ಬೆಳಕಿನಿಂದ ವಿದ್ಯುಚ್ಛಕ್ತಿಯನ್ನು ಪಡೆಯುವುದು ಈ ಯುಗದ ಶ್ರೇಷ್ಠ ಸಾಧನೆಗಳಲ್ಲೊಂದು. ಕಲ್ಲಿದ್ದಲಿನ ಹೊಗೆಯಿಂದ ಪಾರಾಗಲು ಅದು ಬೇಕೇ ಬೇಕು. ಆದರೆ ಅದಕ್ಕಾಗಿ ಬೆಳೆಯುವ ಹೊಲವನ್ನೇ ತೆರಬೇಕೆ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲೂಕುಗಳ ರೈತರು ಗೇಣಿಪತ್ರಕ್ಕೆ ರುಜು ಹಾಕುವ ಮೊದಲೇ ಇದನ್ನು ಕೇಳಿಕೊಳ್ಳುವುದು ಒಳಿತು.

ಉತ್ತರಕ್ಕಾಗಿ ಬಹುದೂರ ಹೋಗಬೇಕಾಗಿಲ್ಲ. ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಗಳಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ಅದರ ಮೊದಲ ಹಂತವು 2018ರಲ್ಲಿ ಉದ್ಘಾಟನೆಗೊಂಡಿತು. ಒಂದು ಮೆಗಾವಾಟಿಗೆ ಆರು ಎಕರೆಗೂ ಮಿಕ್ಕ ನೆಲ ಬೇಕಾಯಿತು. ಅಲ್ಲಿ ಭೂಮಿಯನ್ನು ಕೊಳ್ಳದೆ 28 ವರ್ಷಗಳ ಗೇಣಿಗೆ ಪಡೆದುದು ಮೆಚ್ಚತಕ್ಕ ಕ್ರಮವೇ. ಬರದಿಂದ ಬಳಲಿದ ಆ ಸೀಮೆಯಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಂದುದು ಹೊಲದೊಡೆಯರಿಗೆ ಆಸರೆಯಾಯಿತೆಂಬುದನ್ನು ಅಲ್ಲಗಳೆಯಲಾಗದು.

ಆದರೆ ಲೆಕ್ಕವನ್ನು ಕೊನೆಯವರೆಗೆ ನೋಡಬೇಕು. ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರುವ ಈ ಗೇಣಿಯು ಅವಧಿ ಮುಗಿಯುವಾಗಲೂ ಇಮ್ಮಡಿಯಾಗದು. ರಿಸರ್ವ್ ಬ್ಯಾಂಕು ಗುರಿಯಾಗಿಟ್ಟುಕೊಂಡಿರುವಂತೆ ವರ್ಷಕ್ಕೆ ನೂರಕ್ಕೆ ನಾಲ್ಕರಷ್ಟೇ ಬೆಲೆಯೇರಿದರೂ, ಅಷ್ಟರಲ್ಲಿ ಪದಾರ್ಥಗಳ ಬೆಲೆ ಮೂರು ಪಟ್ಟಾಗಿರುತ್ತದೆ. ಇದು ಒಡೆಯನ ಪಾಡು. ಪಹಣಿಯಲ್ಲಿ ಹೆಸರಿಲ್ಲದವನ ಪಾಡೇನು? ಕಳೆ ಕೀಳುವ ಹೆಣ್ಣುಮಗಳಿಗೆ, ಕೊಯ್ಲಿನ ಕೂಲಿಕಾರನಿಗೆ, ಕೊಯ್ದ ಹೊಲದಲ್ಲಿ ಕುರಿ ಮೇಯಿಸುವವನಿಗೆ ಗೇಣಿಯಲ್ಲಿ ಪಾಲಿಲ್ಲ. ಫಲಕ ತೊಳೆಯುವ, ಕಾವಲು ಕಾಯುವ ಕೆಲಸ ಕೆಲವರಿಗೆ ಮಾತ್ರ ದೊರೆತೀತು. ಕಾಯಕವನ್ನು ನಂಬಿದ ನಾಡಿನಲ್ಲಿ ಕೈಗಳನ್ನು ಬರಿದುಮಾಡುವ ಹಣವನ್ನು ಪೂರ್ಣಲಾಭವೆಂದು ಎಣಿಸಲಾಗದು.

ನಮ್ಮ ಸೀಮೆಯೇನೂ ಬಂಜರಲ್ಲ. ಎರೆಯಲ್ಲಿ ಜೋಳ, ಮಸಾರಿಯಲ್ಲಿ ಶೇಂಗಾ, ಮೆಕ್ಕೆಜೋಳ ಬೆಳೆಯುತ್ತವೆ. ಹಡಗಲಿಯ ಮಲ್ಲಿಗೆ ಭೌಗೋಳಿಕ ಗುರುತನ್ನೇ ಪಡೆದಿದೆ. ಮಾಲವಿ ಜಲಾಶಯಕ್ಕೂ ಸಿಂಗಟಾಲೂರು ಏತ ನೀರಾವರಿಗೂ ಸಾರ್ವಜನಿಕರ ಹಣ ವೆಚ್ಚವಾಗಿದೆ. ನೀರುಣ್ಣುವ ನೆಲವನ್ನು ಗಾಜಿನ ಫಲಕಗಳಿಂದ ಮುಚ್ಚಿದರೆ ಆ ವೆಚ್ಚಕ್ಕೆ ಅರ್ಥವೇನು?

ಬೇರೆ ದಾರಿಗಳಿವೆ. ಗುಜರಾತಿನಲ್ಲಿ 2012ರಲ್ಲಿಯೇ ನರ್ಮದಾ ಕಾಲುವೆಯ ಮೇಲೆ ಫಲಕಗಳನ್ನು ಹಾಸಿ ಒಂದು ಮೆಗಾವಾಟಿನ ಸ್ಥಾವರವನ್ನು ನಿರ್ಮಿಸಲಾಯಿತು. ಕೇಂದ್ರ ಸರಕಾರದ 2019ರ ಕುಸುಮ್ ಯೋಜನೆಯು ಬಂಜರು ನೆಲದಲ್ಲಿ ಅರ್ಧದಿಂದ ಎರಡು ಮೆಗಾವಾಟಿನವರೆಗಿನ ಸಣ್ಣ ಸ್ಥಾವರಗಳಿಗೆ ಅವಕಾಶವಿತ್ತಿದೆ. ಕಚೇರಿ, ಗೋದಾಮು, ಶಾಲೆಗಳ ಮಾಳಿಗೆಗಳೂ ಇವೆ. ಇವೆಲ್ಲ ಮುಗಿದ ಬಳಿಕವಷ್ಟೇ ಹೊಲದ ಮಾತು ಬರಬೇಕು. ಆಗಲೂ ಗ್ರಾಮಸಭೆಯಲ್ಲಿ ಕೂಲಿಕಾರರ ಅಭಿಪ್ರಾಯ ಕೇಳಬೇಕು. ಅವರಿಗೂ ಪಾಲು ಗೊತ್ತುಪಡಿಸಬೇಕು. ಅವಧಿ ತೀರಿದ ಮೇಲೆ ಬದು ಕಟ್ಟಿ ಹೊಲವನ್ನು ಹಸನುಮಾಡಿ ಒಪ್ಪಿಸುವ ಹೊಣೆಯನ್ನು ಪತ್ರದಲ್ಲಿ ಬರೆಯಿಸಬೇಕು.

ಈ ಭಾಗದ ಪ್ರಸಾದನಿಲಯಗಳಿಗೆ ಜೋಳ, ಕಾಳು ಬಂದುದು ಇಂಥ ಹೊಲಗಳಿಂದಲೇ. ಆ ಅನ್ನವುಂಡು ಓದಿದವರು ಇಂದು ವಕೀಲರೂ ಎಂಜಿನಿಯರರೂ ಅಧಿಕಾರಿಗಳೂ ಆಗಿದ್ದಾರೆ. ತಮ್ಮ ಊರಿನ ರೈತನ ಪಕ್ಕದಲ್ಲಿ ಕುಳಿತು ಗೇಣಿಪತ್ರದ ಒಂದೊಂದು ಷರತ್ತನ್ನೂ ಅವನಿಗೆ ಓದಿ ತಿಳಿಸುವುದು ಅವರ ಕರ್ತವ್ಯ. ದಾನಿಗಳು ಶಾಲೆಯ ಮಾಳಿಗೆಗೆ ಸೌರಫಲಕಗಳನ್ನು ಒದಗಿಸಿದರೆ, ಹೊಲವನ್ನು ಕೆಡಿಸದೆಯೂ ಬೆಳಕು ಪಡೆಯಬಹುದೆಂಬುದಕ್ಕೆ ಅದೇ ಸಾಕ್ಷಿಯಾದೀತು.