ಕಾಲೇಜಿಗೆ ಕುದುರೆ: ಯಾರಿಗಾಗಿ, ಯಾರ ಖರ್ಚಿನಲ್ಲಿ?

ಕಾಲೇಜುಗಳ ದೈಹಿಕ ಶಿಕ್ಷಣದಲ್ಲಿ ಕುದುರೆ ಸವಾರಿಯೂ ಒಂದು ಪಾಠವಾಗಬೇಕು ಎಂದು ಯಾರಾದರೂ ಹೇಳಿದರೆ ನಮ್ಮವರಲ್ಲಿ ಬಹುಮಂದಿ ನಕ್ಕುಬಿಡುತ್ತಾರೆ. ಆಡಲು ಅಂಗಳವಿಲ್ಲದ ಕಾಲೇಜಿಗೆ ಕುದುರೆ ಎಲ್ಲಿಂದ ಬರಬೇಕು, ಚೆಂಡಿಗೆ ಗಾಳಿ ಹಾಕಿಸಲು ಕಾಸಿಲ್ಲದವರು ಹುರುಳಿಗೆ ಹಣ ಎಲ್ಲಿಂದ ತರಬೇಕು ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ನಗುವಿನ ಹಿಂದೆ ಇನ್ನೊಂದು ಮಾತು ಅಡಗಿದೆ. ಸವಾರಿ ದೊಡ್ಡವರ ಮಕ್ಕಳಿಗೆ, ಲಾಯ ಗುಡಿಸುವ ಕೆಲಸ ಬಡವರ ಮಕ್ಕಳಿಗೆ ಎಂದು ನಾವೇ ಒಪ್ಪಿಕೊಂಡು ಕುಳಿತಿದ್ದೇವೆ. ಈ ಒಪ್ಪಿಗೆಯನ್ನು ಒಮ್ಮೆ ಕೆದಕಿ ನೋಡಬೇಕಾಗಿದೆ.

ನಮ್ಮ ಜಿಲ್ಲೆಯಿಂದ ಬೆಂಗಳೂರಿಗೆ ಓದಲು ಹೋಗುವ ಮಕ್ಕಳಲ್ಲಿ ಎಷ್ಟೋ ಮಂದಿ ಕಮ್ಮನಹಳ್ಳಿ, ಬಾಣಸವಾಡಿ, ಲಿಂಗರಾಜಪುರದ ಕಡೆ ಪಿ.ಜಿ.ಗಳಲ್ಲಿ ತಂಗುತ್ತಾರೆ. ಒಂದು ಕಾಲಕ್ಕೆ ಹೊಲ ತೋಟಗಳಿದ್ದ ಕಮ್ಮನಹಳ್ಳಿ ಸೈಟುಗಳಾಯಿತು, ಸೈಟುಗಳು ಮಹಡಿಗಳಾದವು. ಅಲ್ಲಿ ಕಾಲೇಜು ಎಂದರೆ ಮಹಡಿಯ ಮೇಲೆ ಮಹಡಿ. ವ್ಯಾಯಾಮ ಎಂದರೆ ವೇಳಾಪಟ್ಟಿಯಲ್ಲಿ ಒಂದು ಗೆರೆ. ಹಳ್ಳಿಯಲ್ಲಿ ಎತ್ತು ಎಮ್ಮೆಗಳ ನಡುವೆ ಬೆಳೆದ ಹುಡುಗ ಅಲ್ಲಿ ಮೂರು ವರ್ಷ ಕುರ್ಚಿಯ ಮೇಲೆ ಕುಳಿತು ಪದವೀಧರನಾಗಿ ಹೊರಬರುತ್ತಾನೆ. ಅದೇ ಕಮ್ಮನಹಳ್ಳಿಯ ಒಂದು ಮಗ್ಗುಲಿಗೆ ದಂಡು ಪ್ರದೇಶ. ಇನ್ನೊಂದು ಮಗ್ಗುಲಿಗೆ, ಬಸ್ಸು ಹತ್ತಿದರೆ ತಲುಪುವ ದೂರದಲ್ಲಿ ಹೆಬ್ಬಾಳ. ಎರಡು ಕಡೆಯೂ ಕುದುರೆಗಳ ಮಾತಿದೆ. ಆದ್ದರಿಂದ ಈ ಚರ್ಚೆಗೆ ಕಮ್ಮನಹಳ್ಳಿಯೇ ಸರಿಯಾದ ಜಾಗ.

ದಂಡಿನ ಚರಿತ್ರೆಯನ್ನು ನೋಡೋಣ. 1809ರಲ್ಲಿ ಬ್ರಿಟಿಷರು ಬೆಂಗಳೂರಿನಲ್ಲಿ ದಂಡು ಕಟ್ಟಿದರು. ಇಂದಿನ ಕಾಮರಾಜ ರಸ್ತೆಗೆ ಹಿಂದೆ ಕ್ಯಾವಲ್ರಿ ರಸ್ತೆ, ಅಂದರೆ ಕುದುರೆ ದಳದ ರಸ್ತೆ ಎಂದೇ ಹೆಸರು. 1896ರಲ್ಲಿ ತರುಣ ಅಧಿಕಾರಿಯಾಗಿ ಇಲ್ಲಿಗೆ ಬಂದ ವಿನ್‌ಸ್ಟನ್ ಚರ್ಚಿಲ್ ಪೋಲೋ ಆಡಿದ್ದನ್ನು ಎಲ್ಲರೂ ಬರೆಯುತ್ತಾರೆ. ಆದರೆ ಆ ಕುದುರೆಗಳಿಗೆ ಮಾಲೀಸು ಮಾಡಿದ ಸೈಸ್ ಯಾರು, ಬೆಳಗಿನ ಜಾವ ಎದ್ದು ಹುಲ್ಲು ಕೊಯ್ದು ತಂದ ಹೆಂಗಸು ಯಾವ ಊರಿನವಳು ಎಂಬುದನ್ನು ಯಾರೂ ಬರೆದಿಡಲಿಲ್ಲ. ಮುಂದೆ ಶಿವಾಜಿನಗರದ ಬೀದಿಗಳಲ್ಲಿ ಜಟಕಾ ಹೊಡೆದು ಹೊಟ್ಟೆ ಹೊರೆದವರೂ ಕುದುರೆಯ ಸ್ವಭಾವವನ್ನು ಯಾವ ಅಧಿಕಾರಿಗೂ ಕಡಿಮೆಯಿಲ್ಲದಂತೆ ಬಲ್ಲವರೇ ಆಗಿದ್ದರು. ವಿದ್ಯೆ ಅವರಲ್ಲಿತ್ತು, ಗೌರವ ಮಾತ್ರ ಬೇರೆಯವರ ಪಾಲಾಯಿತು.

ಸವಾರಿಯ ವಿದ್ಯೆ ವಂಶದಿಂದ ಬರುವುದಿಲ್ಲ ಎಂಬುದಕ್ಕೆ ಸಾಕ್ಷಿ ಬೇಕಾದಷ್ಟಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ದಳಗಳಲ್ಲಿ ಜೋಧಪುರದವರ ಜೊತೆ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದರು. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಸಂಸ್ಥಾನಗಳ ಕುದುರೆ ದಳಗಳನ್ನು ಕೂಡಿಸಿ 1953ರಲ್ಲಿ ಕಟ್ಟಿದ ದಳವೇ ಇಂದಿನ 61ನೇ ಕ್ಯಾವಲ್ರಿ. 1982ರ ದೆಹಲಿ ಏಷ್ಯನ್ ಕ್ರೀಡೆಗಳಲ್ಲಿ ಸವಾರಿಯ ವೈಯಕ್ತಿಕ ಚಿನ್ನವನ್ನು ಗೆದ್ದವರು ಈ ದಳದ ರಘುಬೀರ್ ಸಿಂಗ್. ಅವರು ರಾಜಕುಮಾರರೂ ಅಲ್ಲ, ಜನರಲ್ ಕೂಡ ಅಲ್ಲ, ದಫೇದಾರರು. ಸರಕಾರದ ಕುದುರೆ, ಸರಕಾರದ ಮೇವು, ಸರಕಾರದ ತರಬೇತಿ ಸಿಕ್ಕಿತು. ಸಾಮಾನ್ಯ ಸವಾರ ಏಷ್ಯಾಖಂಡಕ್ಕೇ ಮೊದಲಿಗನಾದ.

ಹೊರದೇಶಗಳಲ್ಲೂ ಈ ಬಾಗಿಲು ತಾನಾಗಿ ತೆರೆಯಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವೀಡನ್ ತಂಡ ಡ್ರೆಸಾಜ್ ಸ್ಪರ್ಧೆಯ ಚಿನ್ನ ಗೆದ್ದಿತು. ಆ ತಂಡದ ಗೆನಾಲ್ ಪರ್ಸನ್ ನಿಜವಾಗಿ ಸಾರ್ಜೆಂಟ್, ಅಧಿಕಾರಿಯಲ್ಲ ಎಂಬ ಒಂದೇ ಕಾರಣಕ್ಕೆ ಮರುವರ್ಷ ಆ ಪದಕವನ್ನು ಕಿತ್ತುಕೊಂಡರು. ಸೈನ್ಯದ ಸವಾರರಲ್ಲಿ ಅಧಿಕಾರಿಗಳಿಗೆ ಮಾತ್ರ ಪ್ರವೇಶ ಎಂಬುದು ಅಂದಿನ ನಿಯಮ! 1952ರ ಹೊತ್ತಿಗೆ ನಿಯಮ ಬದಲಾಯಿತು. ಅದೇ ಸಾರ್ಜೆಂಟ್ ಇದ್ದ ಸ್ವೀಡನ್ ತಂಡ 1952ರಲ್ಲೂ 1956ರಲ್ಲೂ ಚಿನ್ನ ಗೆದ್ದಿತು. 1952ರಲ್ಲೇ ಹೆಂಗಸರಿಗೂ ಡ್ರೆಸಾಜ್‌ಗೆ ಪ್ರವೇಶ ಸಿಕ್ಕಿತು. ಪೋಲಿಯೋದಿಂದ ಮೊಣಕಾಲ ಕೆಳಗೆ ಸ್ವಾಧೀನ ತಪ್ಪಿದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಬೆಳ್ಳಿ ಗೆದ್ದರು. ಕುದುರೆಯ ಮೇಲೆ ಹತ್ತಲು ಆಕೆಗೆ ಇನ್ನೊಬ್ಬರ ನೆರವು ಬೇಕಿತ್ತು, ಹತ್ತಿದ ಮೇಲೆ ಬೇಕಿರಲಿಲ್ಲ.

ನಮ್ಮ ದೇಶದಲ್ಲಿ ಈ ಬಾಗಿಲಿಗೆ ಹಣದ ಬೀಗದ ಜೊತೆಗೆ ಜಾತಿಯ ಬೀಗವೂ ಇದೆ. ದಲಿತ ವರ ಮದುವೆಯ ದಿನ ಕುದುರೆ ಏರಿದನೆಂದು ಕಲ್ಲು ತೂರಿದ, ಪೋಲೀಸರ ಕಾವಲಿನಲ್ಲಿ ಮೆರವಣಿಗೆ ಹೊರಟ ಸುದ್ದಿಗಳು ಉತ್ತರ ಭಾರತದಿಂದ ಮತ್ತೆಮತ್ತೆ ಬಂದಿವೆ. 2018ರ ಮಾರ್ಚಿಯಲ್ಲಿ ಗುಜರಾತಿನ ಭಾವನಗರ ಜಿಲ್ಲೆಯಲ್ಲಿ ಕುದುರೆ ಸಾಕಿದ್ದ ದಲಿತ ತರುಣನೊಬ್ಬನ ಕೊಲೆಯಾಯಿತು. ಸವಾರಿ ಮಾಡಿದ್ದೇ ಅವನ ಮೇಲಿನ ದ್ವೇಷಕ್ಕೆ ಕಾರಣವೆಂದು ತಂದೆ ದೂರಿದರು. ಹೀಗಿರುವಾಗ ಎಲ್ಲ ಜಾತಿಯ ಹುಡುಗ ಹುಡುಗಿಯರು ಒಂದೇ ಸಾಲಿನಲ್ಲಿ ನಿಂತು, ಒಂದೇ ಜೀನಿನ ಮೇಲೆ ಸರದಿಯಂತೆ ಕೂರುವ ಕಾಲೇಜು ಪಾಠವನ್ನು ಬರಿಯ ಆಟವೆಂದು ತಳ್ಳಿಹಾಕಲು ಬರುವುದಿಲ್ಲ.

ಇನ್ನು ದೈಹಿಕ ಶಿಕ್ಷಣದ ದೃಷ್ಟಿಯಿಂದ ನೋಡೋಣ. ಸವಾರಿಯಲ್ಲಿ ತೊಡೆ, ಸೊಂಟ, ಬೆನ್ನು ಒಟ್ಟಿಗೆ ದುಡಿಯುತ್ತವೆ. ಮೈಯ ಸಮತೋಲ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ನಾನೂರು ಐನೂರು ಕಿಲೋ ತೂಕದ ಪ್ರಾಣಿಯನ್ನು ಬಲದಿಂದ ಗೆಲ್ಲಲಾಗದು ಎಂಬ ಪಾಠ ಮೊದಲ ದಿನವೇ ಆಗುತ್ತದೆ. ತಾಳ್ಮೆ ಇಲ್ಲದವನ ಕೈಯಲ್ಲಿ ಲಗಾಮು ನಿಲ್ಲುವುದಿಲ್ಲ. ಪಾಠ ಜೀನಿನಿಂದ ಶುರುವಾಗಕೂಡದು, ಲಾಯದಿಂದ ಶುರುವಾಗಬೇಕು. ಲದ್ದಿ ಬಾಚುವುದು, ಮೈ ಉಜ್ಜುವುದು, ಗೊರಸಿನ ಕಲ್ಲು ತೆಗೆಯುವುದು, ದಿನಕ್ಕೆ ಇಪ್ಪತ್ತೈದು ಮೂವತ್ತು ಲೀಟರಿಗೂ ಮೇಲೆ ನೀರು ಕುಡಿಸುವುದು, ಆರೆಂಟು ವಾರಕ್ಕೊಮ್ಮೆ ಲಾಳ ನೋಡಿಸುವುದು ಇವೆಲ್ಲವೂ ಪರೀಕ್ಷೆಯ ಅಂಕಕ್ಕೆ ಸೇರಬೇಕು. ಸಾಹುಕಾರರ ಮಗನೂ ಪೊರಕೆ ಹಿಡಿದ ಮೇಲೆಯೇ ರಿಕಾಬಿನಲ್ಲಿ ಕಾಲಿಡಬೇಕು.

ಖರ್ಚಿನ ಪ್ರಶ್ನೆಗೆ ಬರೋಣ. ಪ್ರತಿ ಕಾಲೇಜೂ ಕುದುರೆ ಕೊಳ್ಳಬೇಕೆಂದು ನಾವು ಹೇಳುವುದಿಲ್ಲ; ಅದು ಮೂರ್ಖತನ. ಅಮೆರಿಕದಲ್ಲಿ 1967ರಲ್ಲಿ ಹುಟ್ಟಿದ ಅಂತರಕಾಲೇಜು ಸವಾರಿ ಸಂಘ ಒಂದು ಸರಳ ಉಪಾಯ ಕಂಡುಕೊಂಡಿತು. ಸ್ಪರ್ಧೆ ನಡೆಸುವ ಕಾಲೇಜೇ ಕುದುರೆ ಒದಗಿಸುತ್ತದೆ, ಯಾರಿಗೆ ಯಾವ ಕುದುರೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಸ್ವಂತ ಕುದುರೆ ಇಲ್ಲದವನಿಗೂ ಅಲ್ಲಿ ಜಾಗವಿದೆ. ನಮ್ಮಲ್ಲೂ ಬೀಜ ಬಿದ್ದಿದೆ. ಹೆಬ್ಬಾಳದ ಪಶುವೈದ್ಯ ಕಾಲೇಜಿನ ಆವರಣದಲ್ಲಿ ಎನ್.ಸಿ.ಸಿ.ಯ ಅಶ್ವ ಘಟಕವಿದೆ, ಅಲ್ಲಿ ಕೆಡೆಟ್ಟುಗಳು ಸವಾರಿ ಕಲಿಯುತ್ತಾರೆ. ಎನ್.ಸಿ.ಸಿ.ಯನ್ನು ಕ್ರೆಡಿಟ್ ಇರುವ ಐಚ್ಛಿಕ ವಿಷಯವಾಗಿ ಕಲಿಸಿರೆಂದು 2021ರಲ್ಲಿಯೇ ವಿಶ್ವವಿದ್ಯಾಲಯಗಳಿಗೆ ಯು.ಜಿ.ಸಿ. ತಿಳಿಸಿತು. ಮೈಸೂರಿನಲ್ಲಿ ದಸರೆಗೆ ಹೊರಡುವ ಪೋಲೀಸ್ ಅಶ್ವದಳವಿದೆ. ಕುದುರೆ ಇದೆ, ಲಾಯ ಇದೆ, ಕಲಿಸುವವರಿದ್ದಾರೆ, ಅಂಕ ಕೊಡುವ ದಾರಿಯೂ ಇದೆ. ಇವನ್ನು ಒಂದು ದಾರದಲ್ಲಿ ಪೋಣಿಸುವ ಮನಸ್ಸು ಮಾತ್ರ ಇಲ್ಲ.

ಹಾಗೆ ಪೋಣಿಸದಿದ್ದರೆ ಏನಾಗುತ್ತದೆಂಬುದೂ ಕಣ್ಣ ಮುಂದಿದೆ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ಎರಡು ಬೆಳ್ಳಿ ಗೆದ್ದರು, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ಗೂ ಹೋದರು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಹೆಣ್ಣುಮಕ್ಕಳಿಬ್ಬರಿದ್ದ ನಮ್ಮ ಡ್ರೆಸಾಜ್ ತಂಡ ಚಿನ್ನ ತಂದಿತು. ಅವರ ಶ್ರಮಕ್ಕೆ ನಮ್ಮ ನಮಸ್ಕಾರ. ಆದರೆ ಈ ಮಟ್ಟ ಮುಟ್ಟಬೇಕಾದರೆ ಯುರೋಪಿನಲ್ಲಿ ವರ್ಷಗಟ್ಟಲೆ ತರಬೇತಿ ಬೇಕು, ಅದಕ್ಕೆ ತಕ್ಕ ಹಣವೋ ಪ್ರಾಯೋಜಕರೋ ಬೇಕು. ದಫೇದಾರ ಗೆದ್ದ ಕಾಲದಿಂದ ಇಲ್ಲಿಗೆ ಬಂದಿದ್ದೇವೆ. ಖಾಸಗಿ ಕಾಲೇಜುಗಳು ನಾಳೆ ಸವಾರಿಯನ್ನು ತಮ್ಮ ಜಾಹೀರಾತಿನ ಚಿತ್ರವಾಗಿಸಿ ಶುಲ್ಕ ಏರಿಸಿದರೆ ಆಶ್ಚರ್ಯಪಡಬೇಕಾಗಿಲ್ಲ.

ಆದುದರಿಂದ ಉನ್ನತ ಶಿಕ್ಷಣ ಇಲಾಖೆಯನ್ನು ನಾವು ಕೇಳುವುದು ಇಷ್ಟು. ಮೊದಲನೆಯದು, ಅಂಗಳವಿಲ್ಲದ ಕಾಲೇಜುಗಳಿಗೆ ಅಂಗಳ; ಕುದುರೆಯ ನೆಪದಲ್ಲಿ ಇದು ಮರೆಯಾಗಬಾರದು. ಎರಡನೆಯದು, ಹೆಬ್ಬಾಳದ ಘಟಕದಂಥ ಸಾರ್ವಜನಿಕ ಲಾಯಗಳನ್ನು ಬೆಳೆಸಿ, ಸುತ್ತಲಿನ ಸರಕಾರಿ ಮತ್ತು ಅನುದಾನಿತ ಕಾಲೇಜುಗಳ ಮಕ್ಕಳಿಗೆ ಸರದಿಯಂತೆ ಪಾಠ. ಮೂರನೆಯದು, ಶುಲ್ಕವಿಲ್ಲದ ಪ್ರವೇಶ. ಶಿರಸ್ತ್ರಾಣ, ಬೂಟು, ವಿಮೆ ಇಲಾಖೆಯ ಖರ್ಚು. ನಾಲ್ಕನೆಯದು, ಅರ್ಜಿ ಹೆಚ್ಚಾದರೆ ಶಿಫಾರಸಿನ ಬದಲು ಮೀಸಲಾತಿ ನಿಯಮದಂತೆ ಚೀಟಿ ಎತ್ತಿ ಆಯ್ಕೆ. ಐದನೆಯದು, ಸೈಸ್‌ಗಳಿಗೆ ಬೋಧಕ ಸಹಾಯಕರೆಂಬ ಹುದ್ದೆ, ವೇತನ, ಪಿಂಚಣಿ. ಆರನೆಯದು, ಕುದುರೆಗೂ ದುಡಿಮೆಯ ಗಂಟೆಗಳ ಮಿತಿ ಮತ್ತು ವಾರದ ರಜೆ.

ಕುದುರೆ ಕಂಡರೆ ಕಾಲುನೋವು ಎಂಬ ಗಾದೆ ನಮ್ಮಲ್ಲಿದೆ. ಕಂಡಾಗಲಾದರೂ ಹತ್ತುವ ಆಸೆ ಹುಟ್ಟುತ್ತದೆಂದು ಅದನ್ನು ಕಟ್ಟಿದವರು ಬಲ್ಲರು. ನಮ್ಮ ಮಕ್ಕಳಿಗೆ ಕಾಣುವ ಅವಕಾಶವೂ ಇಲ್ಲ. ಓದುಗರಲ್ಲಿ ಕಾಲೇಜು ಅಭಿವೃದ್ಧಿ ಸಮಿತಿಗಳಲ್ಲಿ ಇರುವವರು, ಅಧ್ಯಾಪಕರು, ವಿದ್ಯಾರ್ಥಿ ಸಂಘದವರು ಈ ಆರು ಬೇಡಿಕೆಗಳನ್ನು ತಮ್ಮ ಮುಂದಿನ ಸಭೆಯಲ್ಲಿ ಠರಾವಾಗಿ ಮಂಡಿಸಲಿ, ಅಂಗೀಕಾರವಾದುದನ್ನು ಇಲಾಖೆಗೆ ಕಳುಹಿಸಲಿ.