ಬೇಸಿಗೆಯ ಇಂಟರ್ನ್‌ಗೂ ಒಂದು ಲಾಗ್‌ಬುಕ್ ಬೇಕು

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಚಿಗರಿ ಬಸ್ಸು ಸತ್ತೂರ ಮುಟ್ಟಿದಾಗ ಬಿಳಿ ಕೋಟನ್ನು ತೋಳಿಗೆ ಹಾಕಿಕೊಂಡ ಹುಡುಗ ಹುಡುಗಿಯರು ಇಳಿಯುತ್ತಾರೆ. ಎಸ್‌ಡಿಎಂ ವೈದ್ಯಕೀಯ ಮತ್ತು ದಂತ ವೈದ್ಯಕೀಯ ಕಾಲೇಜುಗಳಿರುವ ಈ ಊರಲ್ಲಿ ‘ಇಂಟರ್ನ್’ ಎಂದರೆ ಯಾರೆಂದು ಬಿಡಿಸಿ ಹೇಳಬೇಕಿಲ್ಲ. ಎಂಬಿಬಿಎಸ್ ಪರೀಕ್ಷೆ ಮುಗಿಸಿ ಒಂದು ವರ್ಷ ವಾರ್ಡುಗಳಲ್ಲಿ ದುಡಿಯುವ ಹೌಸ್ ಸರ್ಜನ್‌ಗಳು ಅವರು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮಾವಳಿಯಂತೆ ಅವರು ಸರದಿಯ ಮೇಲೆ ಎಲ್ಲ ಮುಖ್ಯ ವಿಭಾಗಗಳಲ್ಲಿ ಕೆಲಸ ಮಾಡಬೇಕು, ಸಮುದಾಯ ವೈದ್ಯಕೀಯವೊಂದರಲ್ಲೇ 12 ವಾರ ಇರಬೇಕು, ಮಾಡಿದ್ದನ್ನೆಲ್ಲ ಲಾಗ್‌ಬುಕ್‌ನಲ್ಲಿ ದಾಖಲಿಸಬೇಕು. ಅದೇ ಬಸ್ಸಿನಲ್ಲಿ ಅವಳಿ ನಗರದ ಎಂಬಿಎ, ಬಿಬಿಎ ವಿದ್ಯಾರ್ಥಿಗಳೂ ಓಡಾಡುತ್ತಾರೆ. ಬೇಸಿಗೆಯ ನಾಲ್ಕರಿಂದ ಎಂಟು ವಾರ ಅವರೂ ಇಂಟರ್ನ್‌ಗಳೇ. ಆದರೆ ಅಷ್ಟು ದಿನದಲ್ಲಿ ಅವರು ಏನನ್ನು ಕಲಿಯಬೇಕು, ಯಾರು ಕಲಿಸಬೇಕು, ಕಲಿತದ್ದನ್ನು ಯಾರು ನೋಡಿದರು ಎಂದು ಕೇಳಿದರೆ ಬಹಳಷ್ಟು ಕಡೆ ಉತ್ತರ ಸಿಗುವುದಿಲ್ಲ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಕಂಪನಿಯೊಂದು ಮಾರ್ಕೆಟಿಂಗ್ ಇಂಟರ್ನ್ ಬೇಕೆನ್ನುತ್ತದೆ. ಸೇರಿದ ದಿನವೇ ಟಾರ್ಗೆಟ್ ಸಿಗುತ್ತದೆ: ಇಷ್ಟು ಡಿಮ್ಯಾಟ್ ಖಾತೆ, ಇಷ್ಟು ವಿಮಾ ಪಾಲಿಸಿ, ಇಷ್ಟು ಆ್ಯಪ್ ಡೌನ್‌ಲೋಡ್. ಗಿರಾಕಿಯನ್ನು ಹುಡುಕುವುದು ಹೇಗೆಂದು ಯಾರೂ ಹೇಳಿಕೊಡುವುದಿಲ್ಲ. ವಿದ್ಯಾರ್ಥಿಯ ಮೊಬೈಲಿನಲ್ಲಿ ಸೋದರಮಾವ, ದೊಡ್ಡಮ್ಮನ ಮಗ, ಹೈಸ್ಕೂಲಿನ ಗೆಳೆಯರ ನಂಬರುಗಳಿವೆ. ಅವರು ಮುಲಾಜಿಗೆ ಬಿದ್ದು ಖಾತೆ ತೆರೆಯುತ್ತಾರೆ. ಆ ನಂಬರುಗಳು ಮುಗಿದ ದಿನ ಇಂಟರ್ನ್‌ಶಿಪ್ಪೂ ಮುಗಿದಂತೆಯೇ. ಕಂಪನಿ ಬಳಸಿಕೊಂಡದ್ದು ಆ ಹುಡುಗನ ಬಂಧುಬಳಗವನ್ನು. ಇನ್ನೊಂದು ಬಗೆ, ಸಂಸ್ಥೆಯ ಅಧ್ಯಯನ. ನಾಲ್ಕು ದಿನ ಕಾರ್ಖಾನೆಗೆ ಹೋಗಿ, ವೆಬ್‌ಸೈಟಿನಿಂದ ಕಂಪನಿಯ ಇತಿಹಾಸ ಇಳಿಸಿಕೊಂಡು, ಮೆಕಿನ್ಸಿಯ 7ಎಸ್ ಚೌಕಟ್ಟಿಗೆ ಏಳು ಪ್ಯಾರಾ ತುಂಬಿ, ಸ್ವಾಟ್ ಕೋಷ್ಟಕ ಎಳೆದು, ಗಟ್ಟಿ ರಟ್ಟಿನ ಮೇಲೆ ಬಂಗಾರದ ಬಣ್ಣದ ಅಕ್ಷರ ಒತ್ತಿಸಿದರೆ ವರದಿ ಸಿದ್ಧ. ‘ಅವಕಾಶ’ ಎಂಬ ಖಾನೆಯಲ್ಲಿ ಹೊಸ ಮಾರುಕಟ್ಟೆ, ‘ಅಪಾಯ’ ಎಂಬಲ್ಲಿ ಹೆಚ್ಚುತ್ತಿರುವ ಪೈಪೋಟಿ. ಈ ಮಾತು ಹಾಲಿನ ಡೇರಿಗೂ ಹೊಂದುತ್ತದೆ, ಪಂಪ್‌ಸೆಟ್ ಕಾರ್ಖಾನೆಗೂ ಹೊಂದುತ್ತದೆ. ಎಲ್ಲಕ್ಕೂ ಹೊಂದುವ ಮಾತನ್ನು ಬರೆಯಲು ಯಾವ ಕಾರ್ಖಾನೆಯ ಗೇಟನ್ನೂ ದಾಟಬೇಕಿಲ್ಲ.

ಈ ಬೇಸಿಗೆ ಇಂಟರ್ನ್‌ಗಳಿಗೆ ಕಾನೂನಿನ ಆಸರೆಯೂ ಇಲ್ಲ. ಐಟಿಐ ಮುಗಿಸಿ ಕಾರ್ಖಾನೆಗೆ ಬರುವ ಅಪ್ರೆಂಟಿಸ್‌ನ ಬೆನ್ನಿಗೆ 1961ರ ಕಾಯ್ದೆ ಇದೆ. ಒಪ್ಪಂದ ಆಗಬೇಕು, ಸ್ಟೈಪೆಂಡ್ ಕೊಡಬೇಕು. ಕಾಲೇಜಿನ ಬೇಸಿಗೆ ಇಂಟರ್ನ್ ಅದರ ಹೊರಗೆ. 2024ರ ಅಕ್ಟೋಬರಿನಲ್ಲಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ತಿಂಗಳಿಗೆ 5,000 ರೂಪಾಯಿ ನೆರವು ಘೋಷಿಸಿತು. ಆದರೆ ಪೂರ್ಣಾವಧಿ ಓದುತ್ತಿರುವವರನ್ನೂ ಎಂಬಿಎ ಪದವೀಧರರನ್ನೂ ಆಗಿನ ನಿಯಮಗಳು ಹೊರಗಿಟ್ಟವು. ಎಂಬಿಎ ಓದುವವರು ಅನುಕೂಲಸ್ಥರು ಎಂಬ ಎಣಿಕೆ ಇದರ ಹಿಂದೆ ಇದ್ದಿರಬಹುದು. ನವಲಗುಂದ, ಕುಂದಗೋಳ, ಕಲಘಟಗಿಯ ಹಳ್ಳಿಗಳಿಂದ ಬಂದು ಬ್ಯಾಂಕ್ ಸಾಲದ ಮೇಲೆ ಓದುವವರು ಆ ಎಣಿಕೆಗೆ ಸಿಕ್ಕಿಲ್ಲ. ಬೆಂಗಳೂರಿನಲ್ಲಿ ಒಳ್ಳೆಯ ಅವಕಾಶ ಬಂದರೂ ಪಿಜಿ ಬಾಡಿಗೆ, ಮುಂಗಡ, ಊಟದ ಖರ್ಚಿಗೆ ಹೆದರಿ ಅವರು ಬಿಟ್ಟುಕೊಡಬೇಕಾಗುತ್ತದೆ. ಉಳ್ಳವರ ಮಕ್ಕಳು ಪುಕ್ಕಟೆ ದುಡಿದಾದರೂ ಅನುಭವ ಗಳಿಸುತ್ತಾರೆ. ಮುಂದೆ ಕ್ಯಾಂಪಸ್ ಸಂದರ್ಶನದಲ್ಲಿ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗುತ್ತದೆ.

ವೈದ್ಯರೊಂದಿಗೆ ಹೋಲಿಕೆ ಸಲ್ಲದು ಎನ್ನುವವರಿದ್ದಾರೆ. ಅಲ್ಲಿ ಜೀವದ ಪ್ರಶ್ನೆ ಇದೆ, ಅವಧಿಯೂ ಒಂದು ವರ್ಷ. ನಿಜ. ಅಲ್ಲಿಯೂ ಎಲ್ಲವೂ ಸರಿಯಿಲ್ಲ. ದೇಶದ ಕೆಲವು ವೈದ್ಯಕೀಯ ಕಾಲೇಜುಗಳಲ್ಲಿ ಸ್ಟೈಪೆಂಡ್ ಕೊಡುತ್ತಿಲ್ಲವೆಂಬ ತಕರಾರು ಸುಪ್ರೀಂ ಕೋರ್ಟಿನ ತನಕ ಹೋಗಿದೆ. ನಾನು ಕೇಳುತ್ತಿರುವುದು ಆ ವ್ಯವಸ್ಥೆಯ ಒಂದೇ ಒಂದು ಪದ್ಧತಿಯನ್ನು. ಕಲಿಯುವವರು ಮಾಡಿದ್ದನ್ನು ಅಂದೇ ಬರೆದಿಡಬೇಕು, ಅದನ್ನು ಕಣ್ಣಾರೆ ಕಂಡವರು ಸಹಿ ಹಾಕಬೇಕು. ಇದಕ್ಕೆ ವರ್ಷ ಬೇಕಿಲ್ಲ, ಆರು ವಾರಕ್ಕೂ ನಡೆಯುತ್ತದೆ. ಈಗ ಬೇಸಿಗೆಯ ಕೊನೆಗೆ ಪ್ರಮಾಣಪತ್ರಕ್ಕೆ ಸಹಿ ಹಾಕುವ ಎಚ್‌ಆರ್ ಅಧಿಕಾರಿ ಎಷ್ಟೋ ಸಲ ವಿದ್ಯಾರ್ಥಿಯ ಕೆಲಸವನ್ನು ಒಂದು ದಿನವೂ ನೋಡಿರುವುದಿಲ್ಲ. ಮಾರಾಟವೂ ವ್ಯಾಪಾರದ ಪಾಠವೇ ಅಲ್ಲವೇ ಎಂಬ ಮಾತೂ ಬರುತ್ತದೆ. ಖಂಡಿತ ಹೌದು, ಬಹುಶಃ ಮೊದಲ ಪಾಠವೇ ಅದು. ಹತ್ತು ಜನ ಬೇಡವೆಂದರೆ ಏಕೆ ಬೇಡವೆಂದರು ಎಂದು ಸಂಜೆ ಕೂಡಿಸಿಕೊಂಡು ಕೇಳುವ ಒಬ್ಬ ಹಿರಿಯ ಇದ್ದರೆ ಆ ಹತ್ತು ನಕಾರಗಳಿಂದಲೇ ವಿದ್ಯಾರ್ಥಿ ಕಲಿಯುತ್ತಾನೆ. ಆ ಹಿರಿಯ ಇಲ್ಲದಿದ್ದರೆ ಉಳಿಯುವುದು ಸಂಬಳವಿಲ್ಲದ ದುಡಿಮೆ, ಮೇಲೆ ಪೆಟ್ರೋಲ್ ಖರ್ಚು.

ಹೆಚ್ಚು ತೂಕದ ಆಕ್ಷೇಪ ಸಣ್ಣ ಉದ್ಯಮಿಗಳದು. ಗೋಕುಲ ರಸ್ತೆಯ, ತಾರಿಹಾಳದ ವರ್ಕ್‌ಶಾಪ್ ಮಾಲೀಕರಿಗೆ, ಅಮರಗೋಳದ ಎಪಿಎಂಸಿಯ ದಲಾಲಿ ಅಂಗಡಿಯವರಿಗೆ ಹೊಸ ಹುಡುಗರಿಗೆ ಕಲಿಸಲು ಪುರುಸೊತ್ತಿಲ್ಲ. ಕೆಲಸ ಅರ್ಥವಾಗುವಷ್ಟರಲ್ಲಿ ಅವರು ಹೊರಟು ಹೋಗುತ್ತಾರೆ. ಮೇಲಾಗಿ ಹೊರಗಿನವರಿಗೆ ಲೆಕ್ಕಪತ್ರ ತೋರಿಸಲು ಅಳುಕು. ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಇಡೀ ಸಂಸ್ಥೆಯನ್ನು ಅರಿಯುವ ಹಂಬಲ ಬಿಟ್ಟು ಒಂದೇ ಕೆಲಸ ಕೊಟ್ಟರೆ ಈ ತೊಡಕು ಬಹಳಷ್ಟು ಸಡಿಲಾಗುತ್ತದೆ. ಉದ್ರಿ ಬಾಕಿಯನ್ನೇ ತೆಗೆದುಕೊಳ್ಳಿ. 30 ದಿನದೊಳಗಿನದು ಎಷ್ಟು, 60 ದಾಟಿದ್ದು ಎಷ್ಟು, 90 ದಾಟಿದ್ದು ಎಷ್ಟು ಎಂದು ವಿಂಗಡಿಸಬೇಕು. ಟ್ಯಾಲಿಯಲ್ಲಿರುವ ಮೊತ್ತಕ್ಕೂ ಮಾಲೀಕರ ಕಿಸೆಯ ಡೈರಿಯಲ್ಲಿರುವ ಮೊತ್ತಕ್ಕೂ ತಾಳೆ ನೋಡಬೇಕು. ಸುಗ್ಗಿ ಬಂದ ಮೇಲೆ ಕೊಡುತ್ತೇನೆ ಎಂದವರು ಯಾರು, ಕೊಟ್ಟವರು ಯಾರು ಎಂದು ಪಟ್ಟಿ ಮಾಡಬೇಕು. ದುಡಿಯುವ ಬಂಡವಾಳದ ಅಧ್ಯಾಯ ತರಗತಿಯಲ್ಲಿ ಸೂತ್ರವಾಗಿ ಬಂದದ್ದು ಇಲ್ಲಿ ಹೆಸರು, ಊರು, ದಿನಾಂಕ ಸಮೇತ ಎದುರು ನಿಲ್ಲುತ್ತದೆ. ಅಂಗಡಿಗೆ ವಸೂಲಿಯ ಸ್ಪಷ್ಟ ಪಟ್ಟಿ ಸಿಗುತ್ತದೆ. ಗುಟ್ಟು ಕಾಯುವ ಬಗ್ಗೆ ಕಾಲೇಜು ಬರೆದುಕೊಡಲಿ. ಪ್ರತಿ ವರ್ಷ ಅದೇ ಅಂಗಡಿಗೆ ವಿದ್ಯಾರ್ಥಿಯನ್ನು ಕಳಿಸಲಿ. ಹಿಂದಿನವರು ಬಿಟ್ಟ ಕಡೆಯಿಂದ ಮುಂದಿನವರು ಹಿಡಿಯುತ್ತಾರೆ, ಮಾಲೀಕರೂ ಮೊದಲಿಂದ ಹೇಳಿಕೊಡಬೇಕಿಲ್ಲ. ಬಸ್ಸು ಊಟದ ಖರ್ಚನ್ನಾದರೂ ಅಂಗಡಿ ಮತ್ತು ಕಾಲೇಜು ಹಂಚಿಕೊಳ್ಳಲಿ. ಮಾರ್ಗದರ್ಶಕ ಪ್ರಾಧ್ಯಾಪಕರು ಎರಡು ಸಲ ಸ್ಥಳಕ್ಕೆ ಹೋಗಲಿ. ಹುಬ್ಬಳ್ಳಿ, ಧಾರವಾಡದ ನಡುವೆ ಇರುವುದು ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಕೊನೆಗೆ ವೈವಾದಲ್ಲಿ ಪರೀಕ್ಷಕರು ರಟ್ಟಿನ ವರದಿಯನ್ನು ಬದಿಗಿಟ್ಟು ಲಾಗ್‌ಬುಕ್‌ನ ಯಾವುದೋ ಒಂದು ಪುಟ ತೆರೆದು, ಈ ಬಾಕಿ ಅಂದು ಏಕೆ ಬರಲಿಲ್ಲ ಎಂದು ಕೇಳಲಿ.