ಖಾತೆಗೆ ಬಂದ ಲಕ್ಷ್ಮಿ ಯಾರ ಮನಿಯಾಕಿ?

ಸಿನಿಮಾದಲ್ಲಿ ರೊಕ್ಕ ಹೇಗೆ ಬರುತ್ತದೆ ಅನ್ನೋದನ್ನ ನಿಮಗೆ ನಾನು ಹೇಳಬೇಕೇ? ಕರೀ ಸೂಟ್‌ಕೇಸು, ಟಕ್ ಟಕ್ ಅಂತ ಎರಡು ಚಿಲಕ, ವಜ್ರಮುನಿಯ ಆ ನಗು, ಒಳಗೆ ನೋಟಿನ ಕಟ್ಟುಗಳು! ಅದು ಅದಲು ಬದಲಾಗಿ ಹೀರೋ ಕೈ ಸೇರಿತೋ, ಇಂಟರ್‌ವೆಲ್. ಡಾ. ರಾಜ್ ಅವರ ‘ಕಾಸಿದ್ರೆ ಕೈಲಾಸ’ ಬಂದದ್ದು 1971ರಲ್ಲಿ. ಆಗ ಕಾಸು ಕಣ್ಣಿಗೆ ಕಾಣುತ್ತಿತ್ತು. ಈಗ? ಅಂಗಿ ಕಿಸೆಯೊಳಗಿನ ಫೋನು ‘ಟಿಣ್’ ಅನ್ನುತ್ತದೆ, ಅಷ್ಟೇ. ನಿನ್ನೆ ಖಾತೆಯಲ್ಲಿ 212 ರೂಪಾಯಿ ಇದ್ದವನು ಇವತ್ತು ಸಾಹುಕಾರ!

ಹೀಗೆ ಸಾಹುಕಾರನಾದ ಹುಡುಗನೊಬ್ಬ ಅಣ್ಣಿಗೇರಿ ಬಸ್‌ಸ್ಟ್ಯಾಂಡಿನಲ್ಲಿ ನನಗೆ ಗಂಟುಬಿದ್ದ. ಗೊಬ್ಬರದ ಅಂಗಡಿಯಲ್ಲಿ ಕೆಲಸ, ಶುಕ್ರವಾರ ಬಂತೆಂದರೆ ಹುಬ್ಬಳ್ಳಿ ಬಸ್ಸು ಹತ್ತುವ ಜಾತಿ. ನಿಮ್ಮ ಹಾಗೆಯೇ.

“ಅಣ್ಣಾ, ಅಪ್ಪನ ಖಾತೇಕ 48,000 ಬಂದಾವು. ಯಾರು ಹಾಕ್ಯಾರೋ ಗೊತ್ತಿಲ್ಲ. ತಗೀಬೇಕೋ ಬ್ಯಾಡೋ?”

ಅಪ್ಪನಿಗೆ ಅದು ಬೆಳೆವಿಮೆ ಅಂತ ಖಾತ್ರಿ. ಹೆಸರು ಕಾಯಿಗೆ ಬಂದಾಗ ಮಳೆ ಹಿಡಿದು ಹೊಲದಲ್ಲೇ ಕೊಳೆತಿತ್ತು, ವಿಮೆ ಕಟ್ಟಿದ್ದ. ಅವ್ವ ನವಲಗುಂದದ ಕಾಮಣ್ಣಗೆ ಹೋಳಿ ಹುಣ್ಣಿವೆಯಲ್ಲಿ ಹರಕೆ ಹೊತ್ತಿದ್ದಳು. ಅವಳ ಲೆಕ್ಕದಲ್ಲಿ ಕಾಮಣ್ಣ ಕೊಟ್ಟ. ಹುಡುಗನಿಗೆ ಮಾತ್ರ ಒಂದು ಸೆಕೆಂಡ್‌ಹ್ಯಾಂಡ್ ಬೈಕು ಕಣ್ಣ ಮುಂದೆ ಗಿರಕಿ ಹೊಡೆಯುತ್ತಿತ್ತು. ಮೂರನೇ ದಿನ ಒಂದು ಫೋನ್ ಬಂತು. ಮುದುಕರ ದನಿ. “ಯಪ್ಪಾ, ನಾವು ಕುಂದಗೋಳ ಕಡೆಯವರು. ಮಗಳ ದವಾಖಾನಿ ರೊಕ್ಕ, ಒಂದು ಅಂಕಿ ತಪ್ಪಿ ನಿಮಗ ಬಂದೈತಿ. ಈ ನಂಬರಿಗೆ ಹಾಕಿಬಿಡ್ರಿ...”

ಅಪ್ಪ ತಲೆ ಮೇಲೆ ಕೈ ಹೊತ್ತು ಕೂತ. ಯಾಕೆಂದರೆ ಅಂಗಡಿ ಉದ್ರಿ ತೀರಿಸಿ ಬರುತ್ತೇನೆಂದು ಅದಾಗಲೇ ಮಾತು ಕೊಟ್ಟಿದ್ದ.

ಅಪ್ಪನದು ದುರಾಸೆ ಅನ್ನಬೇಡಿ. ನಮ್ಮ ಕಡೆ ರೈತನ ಖಾತೆಗೆ ಬರುವ ರೊಕ್ಕಕ್ಕೆ ಮುಖವೇ ಇರುವುದಿಲ್ಲ. ಬರ ಪರಿಹಾರ, ಬೆಳೆವಿಮೆ, ಪಿ.ಎಂ. ಕಿಸಾನ್‌ನ 2,000, ಮನೆಯಾಕೆಯ ಗೃಹಲಕ್ಷ್ಮಿಯ 2,000... ಎಲ್ಲವೂ ಒಂದೇ ‘ಟಿಣ್’! ಬ್ಯಾಂಕಿನ ಹೆಸರಾದರೂ ನಿಂತಿದೆಯೇ? ಹಿರಿಯರು ಇನ್ನೂ ‘ಮಲಪ್ರಭಾ ಬ್ಯಾಂಕು’ ಅನ್ನುತ್ತಾರೆ. 2005ರಲ್ಲಿ ಅದು ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು, 2025ರ ಮೇ 1ರಿಂದ ಅದೂ ಹೋಗಿ ಕರ್ನಾಟಕ ಗ್ರಾಮೀಣ ಬ್ಯಾಂಕ್. ಹೀಗಿರುವಾಗ ಮೆಸೇಜನ್ನು ನಂಬಿ ಕೂಡಬಾರದು. ಪಾಸ್‌ಬುಕ್ ಒಯ್ದು ಪ್ರಿಂಟ್ ಹಾಕಿಸಿ, ಆ ಸಾಲಿನಲ್ಲಿ ಏನು ಬರೆದಿದೆ ಅಂತ ಕೌಂಟರಿನವರನ್ನು ಓದಲು ಹೇಳಬೇಕು.

ಹುಡುಗ ಅಪ್ಪನನ್ನು ಕರೆದುಕೊಂಡು ಹೋಗಿ ಅದನ್ನೇ ಮಾಡಿದ. ಅದು ವಿಮೆಯ ರೊಕ್ಕ ಆಗಿರಲಿಲ್ಲ. ಫೋನ್ ಮಾಡಿದ ಮುದುಕರದೇ. ಅಪ್ಪ ಒಪ್ಪಿಗೆ ಬರೆದು ಹೆಬ್ಬೆಟ್ಟು ಒತ್ತಿದ, ರೊಕ್ಕ ಬ್ಯಾಂಕಿನಿಂದ ಬ್ಯಾಂಕಿಗೆ ಹೋಯಿತು. ವಿಮೆ ಮಾತ್ರ ಇನ್ನೂ ಬಂದಿಲ್ಲ.

‘ಅಲ್ರೀ, ಸಣ್ಣ ರೊಕ್ಕ ಬಿಡ್ರಿ, ದೊಡ್ಡದು ಬಂದರೆ?’ ಅನ್ನುತ್ತೀರಾ? ಬಂದಿದೆ! ಮಂಗಳೂರಿನ ಕರ್ಣಾಟಕ ಬ್ಯಾಂಕಿನಲ್ಲಿ 2023ರ ಆಗಸ್ಟ್ 9ರ ಸಂಜೆ ಬೆರಳು ಜಾರಿ ಒಂದು ಉಳಿತಾಯ ಖಾತೆಗೆ ಬಿದ್ದದ್ದು ಒಂದು ಲಕ್ಷ ಕೋಟಿ ರೂಪಾಯಿ. ಒಂದರ ಮುಂದೆ ಹನ್ನೆರಡು ಸೊನ್ನೆ, ಬರೆದು ನೋಡಿ. ಅದು ಬಹಳ ದಿನದಿಂದ ವ್ಯವಹಾರವಿಲ್ಲದೆ ಮಲಗಿದ್ದ ಖಾತೆ. ಸುಮಾರು ಮೂರು ಗಂಟೆಯೊಳಗೆ ಬ್ಯಾಂಕು ವಾಪಸ್ ಎಳೆದುಕೊಂಡಿತು. ಈ ಸುದ್ದಿ ಪತ್ರಿಕೆಗೆ ಬಂದದ್ದು 2025ರ ನವೆಂಬರಿನಲ್ಲಿ.

ಅದೇ 2023ರ ಸೆಪ್ಟೆಂಬರಿನಲ್ಲಿ ಚೆನ್ನೈನ ಬಾಡಿಗೆ ಕಾರಿನ ಡ್ರೈವರ್ ಒಬ್ಬನ ಖಾತೆಗೆ ತಮಿಳ್ನಾಡ್ ಮರ್ಕಂಟೈಲ್ ಬ್ಯಾಂಕಿನಿಂದ 9,000 ಕೋಟಿ ಬಂತು. ಅವನಿಗೆ ನಂಬಿಕೆಯಿಲ್ಲ. ಖರೇನೋ ಸುಳ್ಳೋ ನೋಡೋಣ ಅಂತ ಗೆಳೆಯನಿಗೆ 21,000 ಕಳಿಸಿದ. ಹೋಯಿತು! ಸ್ವಲ್ಪ ಹೊತ್ತಿಗೆ ಉಳಿದದ್ದನ್ನೆಲ್ಲ ಬ್ಯಾಂಕು ಹಿಂದಕ್ಕೆ ತೆಗೆದುಕೊಂಡಿತು. ಆ ತಿಂಗಳೇ ಬ್ಯಾಂಕಿನ ಎಂ.ಡಿ. ರಾಜೀನಾಮೆ ಕೊಟ್ಟರು. ವೈಯಕ್ತಿಕ ಕಾರಣ ಅಂದರು.

ಬಿಹಾರದ ಖಗಡಿಯಾ ಜಿಲ್ಲೆಯ ಕಥೆಗೆ ನಗು ಬರುತ್ತದೆ, ಪೂರ್ತಿ ಕೇಳಿದರೆ ಬರುವುದಿಲ್ಲ. 2021ರಲ್ಲಿ ಗ್ರಾಮೀಣ ಬ್ಯಾಂಕಿನ ತಪ್ಪಿನಿಂದ ಒಬ್ಬನ ಖಾತೆಗೆ ಐದೂವರೆ ಲಕ್ಷ ಬಿತ್ತು. ಬ್ಯಾಂಕು ನೋಟೀಸ್ ಮೇಲೆ ನೋಟೀಸ್ ಕೊಟ್ಟರೂ ಅವನದು ಒಂದೇ ಮಾತು: ಪ್ರಧಾನಿ ಕೊಡುತ್ತೇನೆಂದ 15 ಲಕ್ಷದ ಮೊದಲ ಕಂತು ಇದು, ಖರ್ಚು ಮಾಡಿದೆ, ಇನ್ನೆಲ್ಲಿಂದ ತರಲಿ! ಪೊಲೀಸರು ಹಿಡಿದೊಯ್ದರು.

ಆ ಮಾತು ಕೋರ್ಟಿನಲ್ಲಿ ಯಾಕೆ ನಡೆಯುವುದಿಲ್ಲ ನೋಡಿ. 1872ರ ಕರಾರು ಕಾಯ್ದೆಯ 72ನೇ ಕಲಂ, ತಪ್ಪಿನಿಂದ ಬಂದ ರೊಕ್ಕವನ್ನು ಹಿಂದಿರುಗಿಸಲೇಬೇಕು ಅನ್ನುತ್ತದೆ. ನಮ್ಮದೆಂದು ನಂಬಿ ಖರ್ಚು ಮಾಡಿದರೆ ಅದು ಕಳ್ಳತನವಲ್ಲ, ಸಾಲ ಇದ್ದ ಹಾಗೆ. ಆದರೆ ಇನ್ನೊಬ್ಬರದೆಂದು ಗೊತ್ತಾದ ಮೇಲೂ ಒಳಗೆ ಹಾಕಿಕೊಂಡರೆ ಅಪರಾಧ. ಹಿಂದೆ ಐ.ಪಿ.ಸಿ. 403, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 314. ಹೊಸದರಲ್ಲಿ ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಎರಡು ವರ್ಷದವರೆಗೆ ಜೈಲು, ಮೇಲೆ ದಂಡ. ಬೈಕಿನ ಬೆಲೆಗೆ ಇದು ಬಹಳ ದುಬಾರಿ.

‘ಎಲ್ಲರೂ ಒಟ್ಟಿಗೆ ತೆಗೆದರೆ ಯಾರನ್ನ ಹಿಡೀತಾರ?’ ಅನ್ನುವ ಜಾಣರೂ ಇದ್ದಾರೆ. 2023ರ ನವೆಂಬರಿನಲ್ಲಿ, ದೀಪಾವಳಿಯ ಹೊತ್ತಿಗೆ ಸರಿಯಾಗಿ, ಯೂಕೋ ಬ್ಯಾಂಕಿನ ಸುಮಾರು 41,000 ಖಾತೆಗಳಿಗೆ 820 ಕೋಟಿ ತಪ್ಪಾಗಿ ಜಮಾ ಆಯಿತು. ಕೆಲವೇ ದಿನಗಳಲ್ಲಿ 649 ಕೋಟಿ ವಾಪಸ್ ಬಂತು. ಉಳಿದದ್ದಕ್ಕೆ ಸಿ.ಬಿ.ಐ. ಬಂತು. 2024ರ ಮಾರ್ಚಿನಲ್ಲಿ ರಾಜಸ್ಥಾನ, ಮಹಾರಾಷ್ಟ್ರಗಳಲ್ಲಿ 67 ಕಡೆ ತಲಾಶ್ ಆಯಿತು.

ಅಣ್ಣಿಗೇರಿ ಹುಡುಗನ ಗೆಳೆಯನೊಬ್ಬ ಬೇರೆ ರಾಗ ತೆಗೆದ. “ಬ್ಯಾಂಕಿನವರು ನಮ್ಮ ಖಾತೆಯಿಂದ ಅದಕ್ಕ ಇದಕ್ಕ ಅಂತ ಕೇಳದ ಹರಕೋತಾರಲ್ಲ, ಅವಾಗ?” ಸಿಟ್ಟು ನ್ಯಾಯದ್ದೇ. ಆದರೆ 1980ರಲ್ಲಿ ಇದೇ ನವಲಗುಂದ, ನರಗುಂದದ ರೈತರು ಮಲಪ್ರಭಾ ನೀರಿನ ಕರ ಕೊಡೋದಿಲ್ಲ ಅಂದಾಗ ಬಾಯಿಬಿಟ್ಟು ಹೇಳಿ, ಬೀದಿಗಿಳಿದು ಹೇಳಿದರು. ಜುಲೈ 21ರಂದು ಗುಂಡು ತಿಂದರು. ಯಾವನೋ ಮುದುಕನ ದವಾಖಾನೆ ರೊಕ್ಕದ ಮೇಲೆ ಸುಮ್ಮನೆ ಕೂಡುವುದಕ್ಕೆ ಆ ಹೆಸರು ತರಬೇಡಪ್ಪಾ ಅಂದೆ. ಅವನು ಗಿರ್ಮಿಟ್ ಮುಗಿಸಿ ಎದ್ದುಹೋದ. ಒಪ್ಪಿದನೋ ಇಲ್ಲವೋ!

ಈಗ ನಿಮ್ಮ ಖಾತೆಗೆ ಬಂದರೆ? ಮುಟ್ಟಬೇಡಿ. ಗೆಳೆಯನಿಗೆ ಕಳಿಸಿ ಪರೀಕ್ಷೆ ಮಾಡಬೇಡಿ. ಇದಕ್ಕಿಂತ ಮುಖ್ಯ, ಫೋನ್ ಮಾಡಿದವನಿಗೆ ನೀವೇ ವಾಪಸ್ ಹಾಕಬೇಡಿ, ಅವನು ಎಷ್ಟೇ ಅತ್ತರೂ. ಕುಂದಗೋಳದ ಮುದುಕರು ಖರೇ ಇದ್ದರು. ಹತ್ತಕ್ಕೆ ಹತ್ತೂ ಫೋನು ಹಾಗಿರುವುದಿಲ್ಲ. ಒಂದು ಆಟದಲ್ಲಿ ರೊಕ್ಕವೇ ಬಂದಿರುವುದಿಲ್ಲ, ಸುಳ್ಳು ಮೆಸೇಜು ಬಂದಿರುತ್ತದೆ. ‘ವಾಪಸ್’ ಅಂತ ಕಳಿಸುವುದು ನಿಮ್ಮ ಸ್ವಂತ ರೊಕ್ಕ. ಇನ್ನೊಂದರಲ್ಲಿ ಯಾರಿಂದಲೋ ದೋಚಿದ ರೊಕ್ಕ ಖರೇನೇ ನಿಮ್ಮ ಖಾತೆಗೆ ಬಂದು ಮೂರನೆಯವನಿಗೆ ದಾಟುತ್ತದೆ; ಪೊಲೀಸರು ಫ್ರೀಜ್ ಮಾಡುವುದು ನಿಮ್ಮ ಖಾತೆಯನ್ನು. ಸಿನಿಮಾದಲ್ಲಿ ವಿಲನ್ ಸೂಟ್‌ಕೇಸನ್ನು ಅಮಾಯಕನ ಕೈಲಿ ಹಿಡಿಸುತ್ತಾನಲ್ಲ, ಅದೇ ಸೀನು. ಸಂಶಯ ಬಂದರೆ 1930ಕ್ಕೆ ಫೋನ್ ಮಾಡಿ.

ಸೀದಾ ಶಾಖೆಗೆ ಹೋಗಿ. ಬಿಳಿ ಹಾಳೆಯಲ್ಲಿ ನಾಲ್ಕೇ ಸಾಲು: ಇಂಥಾ ದಿನ ಇಷ್ಟು ಜಮಾ ಆಗಿದೆ, ನನ್ನದಲ್ಲ, ಯಾರದೆಂದು ನೋಡಿ ಅವರಿಗೆ ಮುಟ್ಟಿಸಿ. ಎರಡು ಪ್ರತಿ ಬರೆಯಿರಿ, ಒಂದರ ಮೇಲೆ ಸಿಕ್ಕಾ ಹೊಡೆಸಿಕೊಂಡು ಮನೆಗೆ ತನ್ನಿ. ಮ್ಯಾನೇಜರ್ ಸಾಹೇಬರು ‘ಆತು ಬಿಡ್ರಿ, ನೋಡ್ತೀವಿ’ ಅಂದರೂ ಸಿಕ್ಕಾ ಇಲ್ಲದೆ ಮೆಟ್ಟಿಲು ಇಳಿಯಬೇಡಿ. ಬ್ಯಾಂಕಿನದೇ ತಪ್ಪಾಗಿದ್ದರೆ ಅವರೇ ಆ ನೋಂದಣಿ ತಿರುಗಿಸುತ್ತಾರೆ. ಇನ್ನೊಬ್ಬ ಗ್ರಾಹಕ ತಪ್ಪಿ ಕಳಿಸಿದ್ದರೆ ಸಾಮಾನ್ಯವಾಗಿ ನಿಮ್ಮ ಒಪ್ಪಿಗೆ ಕೇಳುತ್ತಾರೆ; ಕೊಟ್ಟುಬಿಡಿ. ಅರ್ಜಿಗೆ 30 ದಿನವಾದರೂ ಉತ್ತರವಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಫೀ ಇಲ್ಲ.

ಇನ್ನು ಖರ್ಚೇ ಆಗಿಹೋಗಿದ್ದರೆ? ಕಲಘಟಗಿ ಕಡೆಯಿಂದ ಒಬ್ಬರು ಕೇಳಿದ್ದಾರೆ: ತಂಗಿ ಮದುವೆಗೆ ಅಂತ 9,000 ತೆಗೆದೆವು, ಆಮೇಲೆ ಗೊತ್ತಾಯಿತು, ಈಗ ಬ್ಯಾಂಕಿನ ಮುಂದೆ ಹಾಯಲು ಹೆದರಿಕೆ. ತಮ್ಮಾ, ಅಡ್ಡದಾರಿ ಹಿಡಿದು ತಿರುಗಾಡಬೇಡ. ತಿಂಗಳಿಗೆ ಇಷ್ಟು ಕೊಡುತ್ತೇನೆಂದು ಬರೆದು, ಮೊದಲ ಕಂತು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋಗು. ರಸೀದಿ ಇಸಿದುಕೋ. ಸೋಮವಾರ ಗದ್ದಲ ಇರುತ್ತದೆ, ಮಂಗಳವಾರ ಹೋಗು.